ಲೇಹ್‌ನ ಮೆಟ್ಟಿಲು, ಗಾಳಿಯ ಗುಳ್ಳೆ

ಜೂನ್ ತಿಂಗಳ ಒಂದು ಬೆಳಗ್ಗೆ, ಲೇಹ್ ಪಟ್ಟಣದಲ್ಲಿ ನಾನು ಉಳಿದುಕೊಂಡಿದ್ದ ಅತಿಥಿಗೃಹದ ಅಂಗಳದಲ್ಲಿ ಬಿಹಾರದ ಮೇಸ್ತ್ರಿಯೊಬ್ಬರು ಕಾಂಕ್ರೀಟ್ ಮೆಟ್ಟಿಲುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬರುತ್ತಿದ್ದರು. ಸಂತೆಯಲ್ಲಿ ತೆಂಗಿನಕಾಯಿ ಆರಿಸುವಾಗ ನಾವು ಬಡಿದು ಕಿವಿಗೊಡುತ್ತೇವಲ್ಲ, ಹಾಗೆ. ಕೆಲವು ಕಡೆ ‘ಠಣ್’ ಎಂಬ ಗಟ್ಟಿ ಸದ್ದು, ಕೆಲವು ಕಡೆ ‘ಡಬ್’ ಎಂಬ ಟೊಳ್ಳು ಸದ್ದು. ಟೊಳ್ಳು ಕೇಳಿದಲ್ಲೆಲ್ಲ ಇದ್ದಿಲಿನ ಗೆರೆ.

ಐದು ಮೆಟ್ಟಿಲುಗಳಲ್ಲೂ ಗೆರೆ ಬಿದ್ದದ್ದು ಬಲತುದಿಗೆ ಮಾತ್ರ. ಅಲ್ಲಿ ಮೇಲ್ಪದರ ಹಪ್ಪಳದಂತೆ ಎದ್ದು ಬಂದು, ಒಳಗಿನ ಜಲ್ಲಿ ಹೊರಗೆ ಇಣುಕುತ್ತಿತ್ತು. ಬೆರಳಿನಿಂದ ಉಜ್ಜಿದರೆ ಮರಳು ಉದುರುತ್ತಿತ್ತು. ಎಡತುದಿ ಮಾತ್ರ ನಿನ್ನೆ ಮೊನ್ನೆ ಹಾಕಿದಂತೆ ಗಟ್ಟಿಯಾಗಿತ್ತು. ಒಂದೇ ಸಲ, ಒಂದೇ ಸಿಮೆಂಟಿನಲ್ಲಿ ಕಟ್ಟಿದ ಮೆಟ್ಟಿಲಿಗೆ ಎರಡು ಬಗೆಯ ಮುಪ್ಪು ಹೇಗೆ ಬಂತು? ತಲೆಯೆತ್ತಿ ನೋಡಿದರೆ ಉತ್ತರ ಅಲ್ಲೇ ಇತ್ತು. ಮಾಳಿಗೆಯ ನೀರು ಹೊರಬೀಳುವ ಕೊಳವೆಯ ಬಾಯಿ ನೇರವಾಗಿ ಬಲತುದಿಯ ಮೇಲೆ ತೆರೆದುಕೊಂಡಿತ್ತು.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಅಂಥ ಚಳಿಯೇ ಕಾಂಕ್ರೀಟನ್ನು ತಿನ್ನುತ್ತದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಒಣಗಿದ ಕಾಂಕ್ರೀಟಿಗೆ ಚಳಿ ಏನನ್ನೂ ಮಾಡಲಾರದು. ಅದನ್ನು ಕೆಡಿಸುವುದು ಒಳಗೆ ಸೇರಿದ ನೀರು, ಅದೂ ಗಟ್ಟಿಯಾಗಿ, ಕರಗಿ, ಮತ್ತೆ ಗಟ್ಟಿಯಾಗುವ ನೀರು. ಜನವರಿಯ ಕಡು ಚಳಿಗಿಂತ ಮಾರ್ಚ್ ತಿಂಗಳೇ ಹೆಚ್ಚು ಅಪಾಯಕಾರಿ. ಎತ್ತರದ ತೆಳು ಗಾಳಿಯಲ್ಲಿ ಹಗಲಿನ ಬಿಸಿಲು ಚುರುಕು, ಮಾಳಿಗೆಯ ಹಿಮ ಕರಗಿ ತೊಟ್ಟಿಕ್ಕುತ್ತದೆ. ಸೂರ್ಯ ಮುಳುಗಿದ್ದೇ ತಡ, ಮೋಡವಿಲ್ಲದ ಆಕಾಶಕ್ಕೆ ನೆಲದ ಶಾಖವೆಲ್ಲ ಸೋರಿಹೋಗಿ ಬೆಳಗಾಗುವಷ್ಟರಲ್ಲಿ ಮೆಟ್ಟಿಲೆಲ್ಲ ಮಂಜುಗಡ್ಡೆ. ದಿನಕ್ಕೊಂದು ಸುತ್ತು. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ ಮಳೆ–ಹಿಮ ಬೀಳುವ ಒಣ ಊರಿನಲ್ಲೂ ಆ ಒಂದು ಕೊಳವೆಯ ಕೆಳಗೆ ಕಾಂಕ್ರೀಟ್ ಸದಾ ತೊಯ್ದೇ ಇರುತ್ತಿತ್ತು.

ನಮ್ಮ ಕಡೆ ಈ ಕಾಟ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕರ್ನಾಟಕದ ಕಾಂಕ್ರೀಟಿಗೆ ಕಬ್ಬಿಣದ ತುಕ್ಕು ಗೊತ್ತು, ಮಂಜುಗಡ್ಡೆ ಗೊತ್ತಿಲ್ಲ. ಹಾಗಾಗಿ ನಮ್ಮ ಗಾರೆ ಕೆಲಸದ ಕೆಲವು ಒಳ್ಳೆಯ ಅಭ್ಯಾಸಗಳೇ ಅಲ್ಲಿ ತಪ್ಪಾಗಿಬಿಡುತ್ತವೆ.

ಗಟ್ಟಿ ಕಲ್ಲಿನಂತೆ ಕಾಣುವ ಕಾಂಕ್ರೀಟ್ ಒಳಗೆಲ್ಲ ಸೂಕ್ಷ್ಮ ರಂಧ್ರಗಳ ಜಾಲ. ಸಿಮೆಂಟ್ ಗಟ್ಟಿಯಾಗಲು ಬೇಕಾದದ್ದಕ್ಕಿಂತ ಹೆಚ್ಚು ನೀರನ್ನು ನಾವು ಕಲಸುವ ಅನುಕೂಲಕ್ಕೆಂದು ಹಾಕುತ್ತೇವೆ. ಆ ಹೆಚ್ಚುವರಿ ನೀರು ಆರಿಹೋದ ಜಾಗವೇ ರಂಧ್ರ. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ರಂಧ್ರ ಅರ್ಧ ಖಾಲಿಯಿದ್ದರೆ ಹಿಗ್ಗಿದ್ದಕ್ಕೆ ಅಲ್ಲೇ ಜಾಗವಿದೆ. ಶೇಕಡಾ 92ರ ಹತ್ತಿರ ತುಂಬಿದರೆ ಜಾಗ ಮುಗಿಯಿತು, ಅಲ್ಲಿಂದಾಚೆ ಒತ್ತಡ ಗೋಡೆಯ ಮೇಲೆ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಸುಲಭವಿತ್ತು. 1930ರ ಸುಮಾರಿಗೆ ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ ಮಣ್ಣಿನಲ್ಲಿ ನೀರಿನ ಬದಲು ಬೆಂಜೀನ್ ತುಂಬಿ ಹೆಪ್ಪುಗಟ್ಟಿಸಿ ನೋಡಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆ ಉಬ್ಬಿ ಬಂತು! ಹೆಪ್ಪುಗಟ್ಟಿದ ಭಾಗವು ಸುತ್ತಲ ತೆಳು ರಂಧ್ರಗಳಲ್ಲಿನ ದ್ರವವನ್ನು ತನ್ನತ್ತ ಸೆಳೆದುಕೊಂಡು ಬೆಳೆಯುತ್ತದೆ ಎಂಬುದು ಅದರಿಂದ ತಿಳಿಯಿತು. ಸಿಮೆಂಟಿನಲ್ಲೂ ಇದೇ ನಡೆಯುತ್ತದೆ. ಅತಿ ಸಣ್ಣ ರಂಧ್ರಗಳ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದು ದೊಡ್ಡ ರಂಧ್ರದಲ್ಲಿ ಆಗಲೇ ಹುಟ್ಟಿದ ಮಂಜಿನ ಹರಳಿನತ್ತ ಹರಿದು ಹೋಗುತ್ತದೆ. ಹರಳು ಬೆಳೆದಷ್ಟೂ ಗೋಡೆ ಬಿರಿಯುತ್ತದೆ, ಬಿರುಕಿಗೆ ಮರುದಿನ ಇನ್ನಷ್ಟು ನೀರು ಇಳಿಯುತ್ತದೆ.

ಇದಕ್ಕೆ ಸಿಕ್ಕ ಪರಿಹಾರ ನನ್ನ ಮಟ್ಟಿಗೆ ಕಟ್ಟಡ ವಿಜ್ಞಾನದ ಅತಿ ಸುಂದರ ಸಂಗತಿಗಳಲ್ಲೊಂದು. 1930ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾಂಕ್ರೀಟ್ ರಸ್ತೆಗಳಲ್ಲಿ ಕೆಲವು ಭಾಗಗಳು ಮಾತ್ರ ಚಳಿಗಾಲ ಕಳೆದರೂ ಗಟ್ಟಿಯಾಗಿ ಉಳಿದಿದ್ದವು. ಜಾಡು ಹಿಡಿದು ಹೋದಾಗ, ಆ ಸಿಮೆಂಟನ್ನು ಬೀಸುವಾಗ ಯಂತ್ರ ಸಲೀಸಾಗಿ ತಿರುಗಲೆಂದು ಸ್ವಲ್ಪ ದನದ ಕೊಬ್ಬು ಸೇರಿಸಿದ್ದು ಗೊತ್ತಾಯಿತು. ಕೊಬ್ಬು ಸಿಮೆಂಟಿನ ಕ್ಷಾರದೊಂದಿಗೆ ಕೂಡಿದರೆ ಸಾಬೂನಾಗುತ್ತದೆ. ಸಾಬೂನು ಕಲಸುವಾಗ ನೊರೆಯಾಗುತ್ತದೆ. ಹೀಗೆ ಕಾಂಕ್ರೀಟಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಕೋಟಿಗಟ್ಟಲೆ ಉಳಿದುಬಿಟ್ಟಿದ್ದವು. ನೀರು ಹಿಗ್ಗಿದಾಗ ತಪ್ಪಿಸಿಕೊಳ್ಳಲು ಅವೇ ಖಾಲಿ ಕೋಣೆಗಳು.

ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್‌ನಲ್ಲಿದ್ದ ಟಿ. ಸಿ. ಪವರ್ಸ್ 1940ರ ದಶಕದಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಎಷ್ಟು ಗಾಳಿ ಇದೆ ಎನ್ನುವುದಕ್ಕಿಂತ ಗುಳ್ಳೆಗಳು ಎಷ್ಟು ಹತ್ತಿರ ಇವೆ ಎನ್ನುವುದು ಮುಖ್ಯ. ಸಿಮೆಂಟಿನ ಯಾವ ಮೂಲೆಯಿಂದಲೂ ಸುಮಾರು 0.2 ಮಿಲಿಮೀಟರ್ ದೂರದೊಳಗೆ ಒಂದು ಗುಳ್ಳೆ ಸಿಗಬೇಕು. ಇಂದು ಕೊಬ್ಬಿನ ಬದಲು ಬಾಟಲಿಯಲ್ಲಿ ಸಿಗುವ ರಾಸಾಯನಿಕ ಬೆರೆಸುತ್ತಾರೆ. ನಮ್ಮ ಐಎಸ್ 456 ಸಂಹಿತೆಯೂ ನೀರು ಹೆಪ್ಪುಗಟ್ಟುವ ಒದ್ದೆ ಜಾಗಗಳಲ್ಲಿ, 20 ಮಿಲಿಮೀಟರ್ ಜಲ್ಲಿಯ ಕಾಂಕ್ರೀಟಿಗೆ ಶೇಕಡಾ 5ರಷ್ಟು ಗಾಳಿ ಇರಲಿ ಎನ್ನುತ್ತದೆ. ಗಾಳಿ ಶೇಕಡಾ 1 ಹೆಚ್ಚಿದರೆ ಬಲ ಶೇಕಡಾ 5ರಷ್ಟು ಇಳಿಯುತ್ತದೆ. ಅಲ್ಲಿನವರು ಒಪ್ಪಿಕೊಳ್ಳಲೇಬೇಕಾದ ನಷ್ಟ ಅದು.

ಮತ್ತೆ ಮೆಟ್ಟಿಲಿಗೆ ಬರೋಣ. ಹಾಳಾದ ಕಾಂಕ್ರೀಟಿನ ಮೇಲೆ ಹೊಸ ಪದರ ಹಾಕುವುದು ನೋಡಲು ಸುಲಭದ ಕೆಲಸ. ಆದರೆ ಶೀತ ಪ್ರದೇಶದಲ್ಲಿ ಹೊಸ ಪದರ ಸಾಮಾನ್ಯವಾಗಿ ಸೋಲುವುದು ತನ್ನ ತಪ್ಪಿನಿಂದಲ್ಲ, ಕೆಳಗೆ ಉಳಿದ ಹಳೆಯ ಪುಡಿಯಿಂದ. ಅದಕ್ಕೇ ಮೇಸ್ತ್ರಿ ಅರ್ಧ ದಿನವನ್ನು ಒಡೆಯುವುದಕ್ಕೇ ಕೊಟ್ಟರು. ಉಳಿಯಿಂದ ಟೊಳ್ಳು ಭಾಗವನ್ನೆಲ್ಲ, ‘ಠಣ್’ ಎನ್ನುವ ತನಕ, ಕೆತ್ತಿ ತೆಗೆದರು. ಅಂಚನ್ನು ಇಳಿಜಾರಾಗಿ ತೆಳುಗೊಳಿಸದೆ ಕಟರ್‌ನಿಂದ ನೇರವಾಗಿ ಕತ್ತರಿಸಿದರು. ಕಾಗದದಷ್ಟು ತೆಳುವಾದ ಅಂಚೇ ಮೊದಲು ಏಳುತ್ತದೆ. ಆಮೇಲೆ ತಂತಿ ಬ್ರಷ್, ನೀರಿನ ರಭಸ.

ಸಂಜೆ ಮೆಟ್ಟಿಲಿಗೆ ಒದ್ದೆ ಗೋಣಿ ಹೊದಿಸಿ ಹೋದರು. ಹಳೆಯ ಕಾಂಕ್ರೀಟ್ ಬಾಯಾರಿದ ಪ್ರಾಣಿಯಂತೆ. ಒಣಗಿದ್ದರೆ ಹೊಸ ಮಿಶ್ರಣದ ನೀರನ್ನು ಹೀರಿಬಿಡುತ್ತದೆ, ಅಂಟುವ ಜಾಗದಲ್ಲೇ ಸಿಮೆಂಟ್ ಪುಡಿಯಾಗಿ ಉಳಿಯುತ್ತದೆ. ಹಾಗೆಂದು ಮೇಲೆ ನೀರು ನಿಂತಿರಲೂ ಬಾರದು. ಮರುದಿನ ಬೆಳಗ್ಗೆ ಅವರು ಬಟ್ಟೆಯಿಂದ ಒರೆಸಿ, ಅಂಗೈ ಇಟ್ಟು ನೋಡಿದರು. ಅಂಗೈಗೆ ತಂಪು ಹತ್ತಬೇಕು, ನೀರು ಹತ್ತಬಾರದು. ಆಮೇಲೆ ಲೇಟೆಕ್ಸ್ ಬೆರೆಸಿದ ಸಿಮೆಂಟ್ ಹಾಲನ್ನು ಪೊರಕೆಯಿಂದ ರಂಧ್ರಗಳೊಳಗೆ ತಿಕ್ಕಿದರು. ಅದು ಒಣಗುವ ಮೊದಲೇ, ಗಾಳಿಗುಳ್ಳೆಯ ದ್ರಾವಣ ಸೇರಿಸಿದ ಗಟ್ಟಿ ಗಾರೆಯನ್ನು ಒತ್ತಿ ತುಂಬಿದರು.

ನಮ್ಮ ಊರಿನ ಕೈ ಇಲ್ಲೇ ತಪ್ಪುವುದು. ಮೇಲೆ ಒಣ ಸಿಮೆಂಟ್ ಉದುರಿಸಿ, ನೀರು ಚಿಮುಕಿಸಿ, ಕರಣೆಯಿಂದ ಕನ್ನಡಿಯಂತೆ ತೀಡಿದರೆ ನಮಗೆ ಸಮಾಧಾನ. ಅಲ್ಲಿ ಹಾಗೆ ಮಾಡಿದರೆ, ಗುಳ್ಳೆಗಳೆಲ್ಲ ಅತಿ ಬೇಕಾದ ಮೇಲ್ಪದರದಿಂದಲೇ ಹೊರಟುಹೋಗುತ್ತವೆ, ನೀರುನೀರಾದ ದುರ್ಬಲ ತೊಗಟೆ ಉಳಿಯುತ್ತದೆ. ಮೇಸ್ತ್ರಿ ಎರಡೇ ಸಲ ಕರಣೆ ಆಡಿಸಿ, ಪೊರಕೆಯಿಂದ ಅಡ್ಡಗೆರೆ ಎಳೆದು ಬಿಟ್ಟರು. “ಇಷ್ಟು ಒರಟೇ ಬಿಡ್ತೀರಾ ಭಯ್ಯಾ?” ಎಂದೆ. “ಸಾಬ್, ಇಲ್ಲಿ ನುಣುಪು ಮಾಡಿದ್ದು ಎರಡು ಚಳಿಗಾಲ ಬಾಳಲ್ಲ. ಮಂಜಲ್ಲಿ ಕಾಲೂ ಜಾರುತ್ತೆ” ಎಂದರು.

ಎತ್ತರದ ಹವೆ ಇನ್ನೊಂದು ಕಡೆಯಿಂದಲೂ ಕಾಡುತ್ತದೆ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಗಾಳಿ ಒಣ, ಬಿಸಿಲು ತೀಕ್ಷ್ಣ. ಹೊಸ ಗಾರೆ ಗಟ್ಟಿಯಾಗುವ ಮೊದಲೇ ಮೇಲ್ಭಾಗ ಒಣಗಿ ಕೂದಲೆಳೆ ಬಿರುಕು ಬಿಡುತ್ತದೆ. ರಾತ್ರಿಯಾದರೆ ತದ್ವಿರುದ್ಧ: 5 ಡಿಗ್ರಿಗಿಂತ ಕೆಳಗೆ ಸಿಮೆಂಟಿನ ಕೆಲಸ ಬಹುಮಟ್ಟಿಗೆ ನಿಧಾನವಾಗುತ್ತದೆ. ಹೊಸ ಕಾಂಕ್ರೀಟ್ ಸುಮಾರು 3.5 ಮೆಗಾಪಾಸ್ಕಲ್ ಬಲ ಪಡೆಯುವ ಮುನ್ನ ಒಮ್ಮೆಯೂ ಹೆಪ್ಪುಗಟ್ಟಬಾರದು. ಅಷ್ಟು ಬಲ ಬರುವ ಹೊತ್ತಿಗೆ ಸಿಮೆಂಟ್ ಸಾಕಷ್ಟು ನೀರನ್ನು ಬಳಸಿಕೊಂಡು ರಂಧ್ರಗಳಲ್ಲಿ ಒಂದಿಷ್ಟು ಜಾಗ ಮಾಡಿರುತ್ತದೆ. ಆದ್ದರಿಂದ ಮೆಟ್ಟಿಲ ಮೇಲೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಕತ್ತಲಾದ ಮೇಲೆ ಮನೆಯೊಡತಿ ಆಮಾ-ಲೇ ತಂದುಕೊಟ್ಟ ಎರಡು ಹಳೆಯ ಕಂಬಳಿ. ಹಸುಗೂಸಿಗೆ ಹೊದಿಸಿದಂತೆ ಅವರು ತುದಿಗಳನ್ನು ಒಳಗೆ ಮಡಚಿ, ಗಾಳಿಗೆ ಹಾರದಂತೆ ಕಲ್ಲಿಟ್ಟರು.

ಇಷ್ಟೆಲ್ಲ ಆದರೂ ಮೇಸ್ತ್ರಿಗೆ ಸಮಾಧಾನವಿರಲಿಲ್ಲ. ಮೇಲೆ ಬಣ್ಣ ಬಳಿಸಲೇ ಎಂದು ಆಮಾ-ಲೇ ಕೇಳಿದಾಗ ಬೇಡವೆಂದರು. ಉಸಿರಾಡದ ಬಣ್ಣ ನೆಲದಿಂದ ಏರುವ ತೇವವನ್ನು ಒಳಗೇ ಹಿಡಿದಿಡುತ್ತದೆ, ಆ ತೇವ ಹೆಪ್ಪುಗಟ್ಟಿ ಪದರವನ್ನೇ ಎತ್ತಿಹಾಕುತ್ತದೆ. ಹಚ್ಚುವುದಾದರೆ, ನೀರನ್ನು ತಡೆದು ಆವಿಯನ್ನು ಬಿಡುವ ಸಿಲೇನ್ ಹಚ್ಚಬೇಕು, ಅದೂ ಗಾರೆ ಚೆನ್ನಾಗಿ ಮಾಗಿದ ಮೇಲೆ. ಮೊದಲ ಚಳಿಗಾಲದಲ್ಲಿ ಮಂಜು ಕರಗಿಸಲು ಉಪ್ಪು ಹಾಕಬೇಡಿ ಎಂದೂ ಹೇಳಿದರು. ನನಗೆ ಇದು ಮೆಚ್ಚುಗೆಯಾಯಿತು, ಏಕೆಂದರೆ ತೆಳು ಉಪ್ಪುನೀರೇ ಮೇಲ್ಪದರವನ್ನು ಅತಿ ಹೆಚ್ಚು ಸುಲಿಯುತ್ತದೆ ಎಂದು ಪ್ರಯೋಗಾಲಯಗಳೂ ಕಂಡುಕೊಂಡಿವೆ.

ಮೂರನೆಯ ದಿನ ಅವರು ಏಣಿ ತಂದು ಮಾಳಿಗೆಯ ಕೊಳವೆಗೆ ಒಂದು ಮೊಣಕೈ ಪೈಪು ಜೋಡಿಸಿ, ಗೋಡೆಯ ಪಕ್ಕ ಇಳಿಬಿಟ್ಟು, ಮೆಟ್ಟಿಲಿನಿಂದ ನಾಲ್ಕು ಮಾರು ದೂರದ ಜಲ್ಲಿಗುಂಡಿಗೆ ತಿರುಗಿಸಿದರು. ಪರೀಕ್ಷೆಗೆಂದು ಆಮಾ-ಲೇ ಮಾಳಿಗೆಯಿಂದ ಒಂದು ಬಕೆಟ್ ನೀರು ಸುರಿದರು. ನೀರು ಸದ್ದಿಲ್ಲದೆ ಪೈಪಿನಲ್ಲಿಳಿದು ಜಲ್ಲಿಯೊಳಗೆ ಇಂಗಿತು. ಕಂಬಳಿ ಹೊದ್ದ ಮೆಟ್ಟಿಲ ಮೇಲೆ ಒಂದು ಹನಿಯೂ ಬೀಳಲಿಲ್ಲ.