ಅಂಗೈಯಡಿಯ ಮೂಷಿಕ: ಹಗುರವೆಷ್ಟು ಹಿತ?

ವಿಘ್ನೇಶ್ವರನ ಭಾರವನ್ನೆಲ್ಲ ಬೆನ್ನ ಮೇಲೆ ಹೊತ್ತು ನಡೆಯುವ ಮೂಷಿಕನನ್ನು ಬಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಅಷ್ಟು ದೊಡ್ಡ ದೇಹಕ್ಕೆ ಇಷ್ಟು ಚಿಕ್ಕ ವಾಹನವೇಕೆಂದು ಅಜ್ಜಿಯನ್ನು ಕಾಡದ ಮಗುವೂ ಇರಲಾರದು. ಈಗ ಮನೆಮನೆಯ ಮೇಜಿನ ಮೇಲೆ ಇನ್ನೊಂದು ಮೂಷಿಕ ಬಂದು ಕುಳಿತಿದೆ. ಇದರ ಸವಾರ ನಮ್ಮ ಅಂಗೈ. ಹೊರುವ ಶಕ್ತಿ ಎಷ್ಟೆಂದು ಈ ವಾಹನವನ್ನು ಯಾರೂ ಕೇಳುವುದಿಲ್ಲ. ಅದರ ಸ್ವಂತ ತೂಕವೆಷ್ಟೆಂದೇ ಕೇಳುತ್ತಾರೆ. ಅದರಲ್ಲಿಯೂ ಗಣಕಯಂತ್ರದ ಆಟಗಳಲ್ಲಿ ಮಗ್ನರಾದ ತರುಣರು ಚಿನಿವಾರನು ಚಿನ್ನವನ್ನು ತೂಗುವಂತೆ ಮೌಸನ್ನು ಗ್ರಾಂ ಗ್ರಾಂ ಲೆಕ್ಕಹಾಕಿ ಕೊಳ್ಳುತ್ತಾರೆ.

ಇದು ಹುಡುಗಾಟಿಕೆಯೆಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಗಣಕಯಂತ್ರದ ಆಟಗಳಿಗೂ ಪದಕಗಳನ್ನು ಕೊಟ್ಟರು. ಒಂದೆಡೆ ಆಟಕ್ಕೆ ಇಷ್ಟು ಗೌರವ ದೊರೆತಿದೆ. ಇನ್ನೊಂದೆಡೆ ಅದರ ಹೆಸರಿನಲ್ಲಿ ತಂದೆತಾಯಿಗಳ ಗಂಟು ಕರಗುತ್ತಿದೆ. ಹತ್ತು ಸಾವಿರ ರೂಪಾಯಿಗೂ ಮಿಕ್ಕಿದ ಮೌಸುಗಳು ಅಂಗಡಿಯಲ್ಲಿವೆ. ಅದರ ಹತ್ತನೆಯ ಒಂದು ಪಾಲಿನ ಸಮೀಪದ ಬೆಲೆಗೆ ದೊರೆಯುವಂಥವೂ ಇವೆ. ಈ ಎರಡರ ನಡುವಿನ ಅಂತರ ನಿಜವಾಗಿ ಕೈಗೆ ತಿಳಿಯುವುದೇ, ಇಲ್ಲವೆ ಕಿಸೆಗೆ ಮಾತ್ರ ತಿಳಿಯುವುದೇ ಎಂಬುದನ್ನು ವಿಚಾರಿಸುವುದು ಉಚಿತ.

ಮರದಿಂದ ಹುಟ್ಟಿದ ಇಲಿ

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಕಲ್ಪಿಸಿ, ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ರೂಪಿಸಿದ ಮೊದಲ ಮೌಸು ಒಂದು ಮರದ ಪೆಟ್ಟಿಗೆ. ಕೆಳಗೆ ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರ, ಮೇಲೊಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಸಭೆಯ ಮುಂದೆ ಪ್ರದರ್ಶಿಸಿದಾಗ ಅದೊಂದು ಇಂದ್ರಜಾಲವೆಂದೇ ನೋಡಿದವರಿಗೆ ತೋರಿರಬೇಕು. ಮುಂದೆ ಚಕ್ರಗಳು ಹೋಗಿ, ಉರುಳುವ ಗುಂಡು ಬಂದಿತು. ಆ ಗುಂಡಿನ ಮೌಸಿನ ಹೊಟ್ಟೆಯೊಳಗೆ ಧೂಳು ಸೇರಿ ಬಾಣದ ಗುರುತು ಪರದೆಯ ಮೇಲೆ ಕುಂಟುತ್ತಿದ್ದುದು ಇಂದು ನಡುವಯಸ್ಸಿನಲ್ಲಿರುವವರಿಗೆ ಮರೆತಿರಲಾರದು. 1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಆ ಗುಂಡನ್ನು ಬಿಟ್ಟು ಬೆಳಕಿನ ಕಣ್ಣನ್ನು ಜನಸಾಮಾನ್ಯರಿಗೆ ಪರಿಚಯಿಸಿತು.

ಗುಂಡು ಹೋದ ಮೇಲೆ ಮೌಸು ಹಗುರವಾಗಬೇಕಿತ್ತು. ಆದರೆ ಲೋಕದ ರೀತಿ ವಿಚಿತ್ರ. ಭಾರವಾದುದು ಬೆಲೆಯುಳ್ಳದ್ದೆಂಬ ನಂಬಿಕೆಯಿಂದ ಕೆಲವು ತಯಾರಕರು ಮೌಸಿನೊಳಗೆ ಲೋಹದ ತೂಕದ ಬಿಲ್ಲೆಗಳನ್ನು ಸೇರಿಸಲು ಅವಕಾಶಮಾಡಿಕೊಟ್ಟರು. 2005ರ ಲಾಜಿಟೆಕ್ ಜಿ5ರಲ್ಲಿ ಇಂತಹ ಬಿಲ್ಲೆಗಳಿದ್ದವು. 2014ರಲ್ಲಿ ಬಂದ ಅದೇ ಸಂಸ್ಥೆಯ ಜಿ502 ತಾನೇ 121 ಗ್ರಾಂ ತೂಗುತ್ತಿತ್ತು. ಅದರ ಮೇಲೆ 3.6 ಗ್ರಾಮಿನ ಐದು ಬಿಲ್ಲೆಗಳು ಬೇರೆ! ಹಳೆಯ ಲೆಕ್ಕದಲ್ಲಿ ಹತ್ತು ತೊಲಕ್ಕೂ ಮೀರಿದ ಭಾರ.

2018ರ ಸುಮಾರಿಗೆ ಗಾಳಿ ತಿರುಗಿತು. ಫೈನಲ್‌ಮೌಸ್ ಎಂಬ ಸಂಸ್ಥೆ ಮೌಸಿನ ಬೆನ್ನಿಗೆ ಜೇನುಗೂಡಿನಂತೆ ತೂತುಗಳನ್ನು ಕೊರೆದು 67 ಗ್ರಾಮಿಗೆ ಇಳಿಸಿತು. ಮರುವರ್ಷ ಗ್ಲೋರಿಯಸ್ ಮಾಡೆಲ್ ಓ ಅದೇ ದಾರಿ ಹಿಡಿಯಿತು. 2020ರಲ್ಲಿ ಲಾಜಿಟೆಕ್ ಸಂಸ್ಥೆ ತೂತೂ ಇಲ್ಲದೆ ತಂತಿಯೂ ಇಲ್ಲದೆ 63 ಗ್ರಾಮಿನೊಳಗಿನ ಜಿ ಪ್ರೋ ಎಕ್ಸ್ ಸೂಪರ್‌ಲೈಟನ್ನು ತಂದಿತು. 2024ರ ರೇಜರ್ ವೈಪರ್ ವಿ3 ಪ್ರೋ ಸುಮಾರು 54 ಗ್ರಾಂ, ಎಂದರೆ ಐದು ತೊಲಕ್ಕಿಂತ ಕಡಮೆ.

ಭಾರದ ಲೆಕ್ಕ

ಹಗುರವಾದರೆ ಲಾಭವೇನು? ನೇಕಾರನನ್ನು ಕೇಳಿದರೆ ಉತ್ತರ ದೊರೆಯುತ್ತದೆ. ದಿನಕ್ಕೆ ಸಾವಿರಾರು ಬಾರಿ ಅತ್ತಿತ್ತ ಓಡುವ ಲಾಳಿಯನ್ನು ಯಾರೂ ಸೀಸದಿಂದ ಮಾಡುವುದಿಲ್ಲ. ವಸ್ತುವನ್ನು ಚಲಿಸುವಂತೆ ಮಾಡುವುದಕ್ಕೂ ಚಲಿಸುವುದನ್ನು ನಿಲ್ಲಿಸುವುದಕ್ಕೂ ಬೇಕಾದ ಬಲ ಅದರ ದ್ರವ್ಯರಾಶಿಗೆ ತಕ್ಕಷ್ಟಿರುತ್ತದೆ. ಘರ್ಷಣೆಯೂ ಭಾರಕ್ಕೆ ಅನುಗುಣವಾದುದು. ಗುರಿಯಿಟ್ಟು ಹೊಡೆಯುವ ಆಟದಲ್ಲಿ ಆಟಗಾರ ಕೈಯನ್ನು ಫಕ್ಕನೆ ಹೊರಳಿಸಿ ಫಕ್ಕನೆ ನಿಲ್ಲಿಸಬೇಕು. ಆಗಾಗ ಮೌಸನ್ನು ಎತ್ತಿ ಮತ್ತೆ ಮೊದಲ ಸ್ಥಾನದಲ್ಲಿಡಬೇಕು. ಕೌಂಟರ್‌ಸ್ಟ್ರೈಕಿನಂಥ ಆಟದಲ್ಲಿ ಒಂದು ಸುತ್ತು ತಿರುಗಲು 30-40 ಸೆಂಟಿಮೀಟರು ಮೌಸನ್ನು ಎಳೆಯುವವರು ಬಹಳ ಮಂದಿ. ಗಂಟೆಗಟ್ಟಲೆ ಹೀಗೆ ಎತ್ತಿ ಇಳಿಸುವಾಗ ಭಾರವನ್ನೆಲ್ಲ ಹಿಡಿಯುವುದು ಹೆಬ್ಬೆರಳೂ ಕೊನೆಯ ಎರಡು ಬೆರಳುಗಳೂ.

ಆದರೆ ಜಾಹೀರಾತು ಹೇಳದ ಇನ್ನೊಂದು ಲೆಕ್ಕವಿದೆ. ಮೌಸು ಒಂದೇ ಚಲಿಸುವುದಿಲ್ಲ. ಅದರೊಂದಿಗೆ ಕೈಯೂ ಚಲಿಸುತ್ತದೆ. 65 ಕಿಲೋ ತೂಕದ ಮನುಷ್ಯನ ಅಂಗೈ ಬೆರಳುಗಳೆಲ್ಲ ಸೇರಿ ಸುಮಾರು 400 ಗ್ರಾಂ. ಮುಂದೋಳನ್ನೂ ಸೇರಿಸಿದರೆ ಸುಮಾರು 1400 ಗ್ರಾಂ. ಮಣಿಕಟ್ಟಿನಿಂದ ಆಡುವವನು 120 ಗ್ರಾಮಿನ ಮೌಸನ್ನು ಬಿಟ್ಟು 60 ಗ್ರಾಮಿನದನ್ನು ಹಿಡಿದರೆ ಚಲಿಸುವ ಒಟ್ಟು ಭಾರ 520ರಿಂದ 460ಕ್ಕೆ ಇಳಿಯುತ್ತದೆ: ನೂರಕ್ಕೆ ಹನ್ನೊಂದು ಹನ್ನೆರಡು ಪಾಲು. ತೋಳನ್ನೇ ಎಳೆದು ಆಡುವವನಿಗೆ ಅದು ನೂರಕ್ಕೆ ನಾಲ್ಕು ಪಾಲು ಮಾತ್ರ. ಬೆರಳ ತುದಿಯಲ್ಲಿಯೇ ಮೌಸನ್ನು ಕುಣಿಸುವವನಿಗೆ ಹೆಚ್ಚಿನ ಲಾಭ. ಇನ್ನು 63 ಗ್ರಾಮಿನಿಂದ 54 ಗ್ರಾಮಿಗೆ ಇಳಿದರೆ ಉಳಿಯುವುದು ಒಂಬತ್ತು ಗ್ರಾಂ. ಅದಕ್ಕಾಗಿ ಸಾವಿರಗಟ್ಟಲೆ ರೂಪಾಯಿ ಸುರಿಯಬೇಕೇ ಎಂಬುದನ್ನು ಓದುಗರೇ ನಿರ್ಣಯಿಸಬಹುದು. ನೂರು ಗ್ರಾಮಿಗೆ ಮೀರಿದ್ದನ್ನು ಬಿಟ್ಟು ಎಂಬತ್ತರ ಆಸುಪಾಸಿಗೆ ಬರುವುದು ದೊಡ್ಡ ಹೆಜ್ಜೆ. ಅರುವತ್ತರಿಂದ ಕೆಳಗಿಳಿಯುವುದು ಚಿಕ್ಕ ಹೆಜ್ಜೆ.

ಭಾರವೆಲ್ಲ ದೋಷವೂ ಅಲ್ಲ. ಸಚಿನ್ ತೆಂಡೂಲ್ಕರರು ಇತರರಿಗಿಂತ ಭಾರವಾದ ಬ್ಯಾಟು ಹಿಡಿದೇ ಜಗತ್ತನ್ನು ಗೆದ್ದವರು. ತೀರ ಹಗುರವಾದ ಮೌಸು ಕೆಲವರ ಕೈಯಲ್ಲಿ ಗುರಿಯನ್ನು ದಾಟಿ ಆಚೆ ಜಾರುವುದುಂಟು. ಸಣ್ಣ ನಡುಕವನ್ನು ನುಂಗಿಕೊಳ್ಳುವಷ್ಟು ಭಾರ ಇರಲಿ ಎನ್ನುವವರ ಮಾತಿನಲ್ಲಿಯೂ ಅರ್ಥವಿದೆ.

ಕೈಗೆ ತಕ್ಕ ಬೆನ್ನು

ತೂಕಕ್ಕಿಂತ ಮೊದಲು ನೋಡಬೇಕಾದುದು ಆಕಾರ. ಪರರ ಪಾದರಕ್ಷೆ ಎಷ್ಟು ಹಗುರವಾಗಿದ್ದರೇನು, ನಮ್ಮ ಕಾಲಿಗೆ ಕಚ್ಚಿದರೆ ಪ್ರಯೋಜನವೇನು? ಮೌಸು ಹಿಡಿಯುವ ಬಗೆ ಮುಖ್ಯವಾಗಿ ಮೂರು. ಅಂಗೈಯನ್ನು ಪೂರ್ತಿ ಬೆನ್ನಿನ ಮೇಲೆ ಊರುವವರು ಮೊದಲನೆಯವರು. ಬೆರಳನ್ನು ಹದ್ದಿನ ಉಗುರಿನಂತೆ ಬಾಗಿಸುವವರು ಎರಡನೆಯವರು. ಬೆರಳ ತುದಿಯಿಂದ ಮಾತ್ರ ಮುಟ್ಟುವವರು ಮೂರನೆಯವರು. ಮೊದಲನೆಯವರಿಗೆ ಉಬ್ಬಿದ ಬೆನ್ನಿನ ದೊಡ್ಡ ಮೌಸು ಹಿತ. ಕೊನೆಯವರಿಗೆ ತಗ್ಗಾದ ಚಿಕ್ಕದು ಸಾಕು. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆದುಕೊಂಡು ಅಂಗಡಿಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ಎಡಗೈಯವರು ಎರಡೂ ಬದಿ ಸಮವಾಗಿರುವುದನ್ನು ಆರಿಸಬೇಕು. ಪಕ್ಕದ ಗುಂಡಿಗಳು ಯಾವ ಬದಿಗಿವೆಯೆಂದು ನೋಡಿಕೊಳ್ಳಲೂ ಬೇಕು.

ಕಳೆದ ವರ್ಷ ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಕಾಲೇಜುಗಳ ನಡುವಣ ಪಂದ್ಯದಲ್ಲಿ ಸೋತು ಬಂದಿದ್ದ. "ಸರ್, ಮೌಸ್ ಭಾರ. ಹಗುರದ್ದಿದ್ದಿದ್ದರೆ ಗೆಲ್ಲುತ್ತಿದ್ದೆವು. ಅಪ್ಪನಿಗೆ ನೀವೊಂದು ಮಾತು ಹೇಳಿ" ಎಂದ. ತಂದೆ ಎರಡೆಕರೆ ಅಡಕೆ ತೋಟದ ರೈತರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಾಲಿಗೆಯ ತುದಿಯವರೆಗೆ ಬಂದರೂ ತಡೆದುಕೊಂಡೆ. ನೆಲ ನಿಜವಾಗಿಯೂ ಡೊಂಕಾಗಿರಬಹುದಲ್ಲವೇ? ಗೆಳೆಯನ ಹಗುರ ಮೌಸನ್ನು ಒಂದು ವಾರ ಎರವಲು ಪಡೆದು, ಅಭ್ಯಾಸದ ಗುರಿಗಳಲ್ಲಿ ತಗುಲಿದ್ದೆಷ್ಟು, ತಪ್ಪಿದ್ದೆಷ್ಟು ಎಂದು ದಿನವೂ ಬರೆದಿಡುವಂತೆ ಹೇಳಿದೆ. ವಾರದ ಕೊನೆಗೆ ಅವನೇ ಪುಸ್ತಕ ತಂದು ತೋರಿಸಿದ. ಮೊದಲ ದಿನ ಅಂಕಗಳು ಇಳಿದಿದ್ದವು. ಆಮೇಲೆ ತುಸು ಏರಿದ್ದವು. ಆದರೆ ಐದನೆಯ ದಿನ ತನ್ನ ಹಳೆಯ ಮೌಸಿಗೇ ಹೊಸ ಬಟ್ಟೆಯ ಹಾಸು ಹಾಕಿ, ಮೇಜಿನಂಚಿಗೆ ಉಜ್ಜುತ್ತಿದ್ದ ತಂತಿಯನ್ನು ಮೇಲೆತ್ತಿ ಕಟ್ಟಿದಾಗ ಬಂದ ಅಂಕಗಳು ಅವುಗಳಿಗೆ ಸಮವಾಗಿದ್ದವು! ಕೊನೆಗೆ ಅವನು ತನ್ನ ಕೈಗೊಪ್ಪುವ, 85 ಗ್ರಾಮಿನ ತಂತಿಯ ಮೌಸೊಂದನ್ನು ವಿದ್ಯಾರ್ಥಿವೇತನದ ಹಣದಲ್ಲಿಯೇ ಕೊಂಡ. ತಂದೆಗೆ ನಾನು ಮಾತು ಹೇಳುವ ಸಂದರ್ಭವೇ ಒದಗಲಿಲ್ಲ.

ಕಣ್ಣು, ಬಾಲ, ಪಾದ

ಮೌಸಿನ ಕಣ್ಣು ಸೆಕೆಂಡಿಗೆ ಸಾವಿರಾರು ಚಿತ್ರಗಳನ್ನು ತೆಗೆದು, ಒಂದನ್ನೊಂದು ಹೋಲಿಸಿ, ಎಷ್ಟು ಸರಿದೆನೆಂದು ಲೆಕ್ಕಹಾಕುತ್ತದೆ. ಒಂದು ಅಂಗುಲಕ್ಕೆ ಎಷ್ಟು ಎಣಿಕೆ ಎಂಬುದೇ ಡಿಪಿಐ. ಪೆಟ್ಟಿಗೆಯ ಮೇಲೆ ಇಪ್ಪತ್ತು ಮೂವತ್ತು ಸಾವಿರವೆಂದು ಅಚ್ಚಾಗಿದ್ದರೂ, ಕುಶಲ ಆಟಗಾರರಲ್ಲಿ ಬಹುಮಂದಿ ಆಡುವುದು 400ರಿಂದ 1600ರೊಳಗೆ. ಆ ದೊಡ್ಡ ಸಂಖ್ಯೆಗೆ ಹಣ ಕೊಡಬೇಕಾಗಿಲ್ಲ. ಸೆಕೆಂಡಿಗೆ ಸಾವಿರ ಬಾರಿ ವರದಿಮಾಡುವ ಮೌಸು ಒಂದು ಮಿಲಿಸೆಕೆಂಡಿಗೊಮ್ಮೆ ಸುದ್ದಿ ತಲಪಿಸುತ್ತದೆ; ಎಂಟು ಸಾವಿರ ಬಾರಿಯದು 0.125 ಮಿಲಿಸೆಕೆಂಡಿಗೊಮ್ಮೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಸಾಧಾರಣ ಪರದೆಯಾದರೋ 16.7 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ. ಮನೆಯ ಪರದೆ ಅಂಥದಾಗಿದ್ದರೆ ಎಂಟು ಸಾವಿರದ ವೈಭವದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಬಾಲದ ವಿಚಾರ. ಪೆಟ್ಟಿಗೆಯ ಮೇಲೆ ಬರೆದ ತೂಕದಲ್ಲಿ ಸಾಮಾನ್ಯವಾಗಿ ತಂತಿಯ ಭಾರ ಸೇರಿರುವುದಿಲ್ಲ. ಬಿರುಸಾದ ತಂತಿ ಮೌಸಿನ ಹಗುರವನ್ನೆಲ್ಲ ಹಾಳುಮಾಡುತ್ತದೆ. ಹೆಣೆದ ಮೃದುವಾದ ದಾರದಂತಹ ತಂತಿ ಉತ್ತಮ. ತಂತಿಯಿಲ್ಲದ್ದು ಸ್ವತಂತ್ರ, ಆದರೆ ದುಬಾರಿ. ಬಿಡಿ ಬ್ಯಾಟರಿಯಿಂದ ನಡೆಯುವವುಗಳಿಗೆ ಒಂದು ಸುಲಭೋಪಾಯವಿದೆ. ಲಾಜಿಟೆಕ್ ಜಿ305 ಬ್ಯಾಟರಿ ಸೇರಿ 99 ಗ್ರಾಂ. ಅದರಲ್ಲಿ ಸಾಧಾರಣ ಎಎ ಬ್ಯಾಟರಿಯದೇ ಸುಮಾರು 23 ಗ್ರಾಂ. ಅದರ ಬದಲು ಸುಮಾರು 15 ಗ್ರಾಮಿನ ಲಿಥಿಯಂ ಬ್ಯಾಟರಿ ಹಾಕಿದರೆ ಎಂಟು ಗ್ರಾಂ ಅನಾಯಾಸವಾಗಿ ಇಳಿಯುತ್ತದೆ.

ಪಾದಗಳಿಗೆ ಟೆಫ್ಲಾನ್ ಜಾತಿಯ ನುಣುಪಾದ ಹಾಳೆ ಅಂಟಿಸಿರುತ್ತಾರೆ. ಸವೆದರೆ ಹೊಸದನ್ನು ಅಂಟಿಸಿಕೊಳ್ಳಬಹುದು. ತೂತಿನ ಬೆನ್ನಿನ ಮೌಸು ಗಾಳಿಯಾಡುತ್ತದೆ, ನಿಜ. ಆದರೆ ಕರಾವಳಿಯ ಬೆವರಿಗೂ ಬಯಲುಸೀಮೆಯ ಧೂಳಿಗೂ ಅದೇ ಬಾಗಿಲು. ಕೊಳ್ಳುವಾಗ ಪಕ್ಕಗಳನ್ನು ಮೆಲ್ಲನೆ ಅದುಮಿ ನೋಡಬೇಕು. ಕಿರುಗುಟ್ಟಿದರೆ ಹಗುರಕ್ಕಾಗಿ ಗಟ್ಟಿತನವನ್ನು ಬಲಿಕೊಟ್ಟಿದ್ದಾರೆಂದು ತಿಳಿಯಬೇಕು. ಲೋಹದ ತುಣುಕುಗಳು ಕೂಡಿ ಅಗಲುವ ಗುಂಡಿಗಳು ಹಳತಾದಂತೆ ಒಂದು ಒತ್ತಿಗೆ ಎರಡು ಸಲ ಸ್ಪಂದಿಸುವುದುಂಟು. ಬೆಳಕಿನ ಕಿರಣದಿಂದ ನಡೆಯುವ ಗುಂಡಿಗಳಿಗೆ ಈ ರೋಗವಿಲ್ಲ.

ಕೊನೆಯ ಮಾತು

ಹಗುರವಾದ ಮೌಸು ಕೈಯ ಆಯಾಸವನ್ನು ತುಸು ಕಡಮೆ ಮಾಡೀತು. ಆಟದ ಅತಿಯನ್ನು ಅದು ಕಡಮೆ ಮಾಡದು. ಮಣಿಕಟ್ಟು ನೊಂದರೆ, ಬೆರಳು ಜೋಮುಹಿಡಿದರೆ, ಹೊಸ ಮೌಸನ್ನು ಹುಡುಕುವ ಮೊದಲು ವೈದ್ಯರನ್ನು ಕಾಣಬೇಕು. ಆಟವನ್ನು ಬಿಡಲಾರದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿ, ಅದು 2022ರಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂತಹವರಿಗಾಗಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಆದುದರಿಂದ ಕೊಳ್ಳುವವರು ಈ ಕ್ರಮವನ್ನು ಅನುಸರಿಸುವುದು ಲೇಸು: ಮೊದಲು ಆಕಾರ, ಅನಂತರ ತೂಕ, ಆಮೇಲೆ ತಂತಿ ಮತ್ತು ಗುಂಡಿ, ಕಟ್ಟಕಡೆಗೆ ಪೆಟ್ಟಿಗೆಯ ಮೇಲಿನ ಸಂಖ್ಯೆಗಳು. ಮಕ್ಕಳು ಕೇಳಿದಾಗ ತಂದೆತಾಯಿಗಳು ಒಮ್ಮೆಗೇ ಗದರುವುದೂ ಬೇಡ, ಒಮ್ಮೆಗೇ ಹಣ ಎಣಿಸುವುದೂ ಬೇಡ. ಜೊತೆಯಲ್ಲಿ ಅಂಗಡಿಗೆ ಹೋಗಿ, ಮಗನ ಕೈಯಲ್ಲೊಮ್ಮೆ ತಮ್ಮ ಕೈಯಲ್ಲೊಮ್ಮೆ ಮೌಸನ್ನು ಎತ್ತಿ ನೋಡಲಿ. ಹಿಡಿದ ಕ್ಷಣವೇ ಸೊಗಸೆನಿಸುವ ಮೌಸುಗಳು ಹಲವು. ಅರ್ಧ ಗಂಟೆ ಆಡಿದ ಮೇಲೂ ಕೈಯಲ್ಲಿದೆಯೆಂಬುದೇ ಮರೆತುಹೋಗುವಂಥದು ಒಂದೋ ಎರಡೋ. ಅವುಗಳಲ್ಲಿ ಬೆಲೆ ಕಡಮೆಯಾದುದನ್ನು ಮನೆಗೆ ತಂದರೆ ಸಾಕು.