ತಿಳಿಯಾದ ನೀರೆಲ್ಲ ಒಳ್ಳೆಯ ನೀರೇ?

ಎಲೆ ಕೆಂಪಾಗುವ ಅಕ್ಟೋಬರ್ ಬಂತೆಂದರೆ ವಾಷಿಂಗ್ಟನ್ ಕನ್ನಡಿಗರ ಕಾರುಗಳು ಶೆನಂಡೋವಾದ ಸ್ಕೈಲೈನ್ ಡ್ರೈವ್ ಕಡೆಗೆ, ಅಟ್ಲಾಂಟಾ ಮತ್ತು ಕೆರೊಲೈನಾದವರ ಕಾರುಗಳು ಗ್ರೇಟ್ ಸ್ಮೋಕಿ ಬೆಟ್ಟಗಳ ಕಡೆಗೆ ತಿರುಗುತ್ತವೆ. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ. ತೊರೆಯ ದಡದಲ್ಲಿ ಊಟ. ಜೊತೆಗೆ ಊರಿಂದ ಬಂದ ಹಿರಿಯರಿದ್ದರೆ "ಎಂಥಾ ತಿಳಿನೀರು, ನಮ್ಮ ಮಲೆನಾಡಿನ ಹಳ್ಳದ ಹಾಗೆ" ಎಂದು ಮೆಚ್ಚದೆ ಇರುವುದಿಲ್ಲ. ಆ ತಿಳಿತನದ ಬಗ್ಗೆಯೇ ಈ ಸಲ ನಾಲ್ಕು ಮಾತು.

ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದಾಗ ಮಳೆಗಾಲದ ಭದ್ರೆ ಹೂಳು ಹೊತ್ತು ಕೆಂಪಾಗಿ ಹರಿಯುತ್ತಿದ್ದಳು. ಅದು ಎಲ್ಲರ ಕಣ್ಣಿಗೂ ಬೀಳುವ ಕೇಡು. ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಗೆ ಗಣಿ ನಿಂತಿತು. ಇಲ್ಲಿನ ಅಪಲೇಚಿಯನ್ ಬೆಟ್ಟಗಳ ಕೇಡು ಕಣ್ಣಿಗೆ ಬೀಳುವಂಥದ್ದಲ್ಲ. ಇಲ್ಲಿಯದು ಹುಳಿ ಮಳೆ.

ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆ ಗಾಳಿಯಲ್ಲಿ ತೇಲಿ, ಮಳೆಯಲ್ಲೂ ಮಂಜಿನಲ್ಲೂ ಬೆರೆತು ಬೆಟ್ಟದ ನೆತ್ತಿಯ ಮೇಲೆ ಇಳಿಯಿತು. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6. ಸ್ಮೋಕಿಯಲ್ಲಿ ಒಂದು ಕಾಲಕ್ಕೆ ಮಳೆಯ ಸರಾಸರಿ 4.5ರ ಆಸುಪಾಸಿನಲ್ಲಿತ್ತು. ಈ ಲೆಕ್ಕದಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು. ಅಂದರೆ ಅಳತೆಯಲ್ಲಿ ಅದು ಮಜ್ಜಿಗೆಗೆ ಸಮ, ನಾಲಗೆಗೆ ಮಾತ್ರ ಗೊತ್ತಾಗದು.

ಒಂದೇ ಮಳೆ ಬಿದ್ದರೂ ಎಲ್ಲ ತೊರೆಗಳ ಗತಿ ಒಂದೇ ಅಲ್ಲ. ಅದನ್ನು ನಿರ್ಧರಿಸುವುದು ಅಡಿಯಲ್ಲಿರುವ ಕಲ್ಲು. ವರ್ಜೀನಿಯಾ ವಿಶ್ವವಿದ್ಯಾಲಯದವರು 1979ರಿಂದ ಶೆನಂಡೋವಾದ ತೊರೆಗಳ ನೀರನ್ನು ಅಳೆಯುತ್ತ ಬಂದಿದ್ದಾರೆ. ಪೈನಿ ರಿವರ್ ಎಂಬ ತೊರೆಯ ಕೆಳಗಿರುವುದು ಹಳೆಯ ಲಾವಾ ಶಿಲೆ. ಅದು ಸವೆಯುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಕೊಟ್ಟು ಹುಳಿಯನ್ನು ಮುರಿಯುತ್ತದೆ. ಪೇನ್ ರನ್ ತೊರೆಯ ಕೆಳಗೆ ಬರೀ ಮರಳುಗಲ್ಲಿನ ಜಾತಿ; ಕೊಡಲು ಅದರ ಹತ್ತಿರ ಏನೂ ಇಲ್ಲ. ನೋಡಲು ಎರಡೂ ತಿಳಿ. ಪೈನಿಯಲ್ಲಿ ಮೀನಿನ ಜಾತಿ ಹೆಚ್ಚು, ಪೇನ್‌ನಲ್ಲಿ ಕಡಿಮೆ.

ಮೀನನ್ನು ಕೊಲ್ಲುವುದು ಹುಳಿಯೊಂದೇ ಅಲ್ಲ. ಮಣ್ಣಿನಲ್ಲಿ ಗಟ್ಟಿಯಾಗಿ ಕೂತ ಅಲ್ಯೂಮಿನಿಯಂ ಹುಳಿನೀರಿನಲ್ಲಿ ಕರಗಿ ಮೀನಿನ ಕಿವಿರಿಗೆ ಅಂಟುತ್ತದೆ, ಉಸಿರು ಕಟ್ಟುತ್ತದೆ. ಜೋರು ಮಳೆ ಬಂದಾಗಂತೂ ಕೆಲವೇ ಗಂಟೆಗಳಲ್ಲಿ ಪಿಎಚ್ ಕುಸಿಯುತ್ತದೆ. ಸಣ್ಣ ಡೇಸ್ ಮೀನು ಮೊದಲು ಮಾಯ. ಗಟ್ಟಿಜೀವದ ಬ್ರೂಕ್ ಟ್ರೌಟ್ ಕೊನೆಗೆ.

(ಹೊಗೆಯಿಲ್ಲದೆಯೂ ಹೀಗಾಗುವುದುಂಟು. 1963ರಲ್ಲಿ ಸ್ಮೋಕಿಯ ನ್ಯೂಫೌಂಡ್ ಗ್ಯಾಪ್ ಬಳಿ ರಸ್ತೆಗೆಂದು ಬಂಡೆ ಒಡೆದಾಗ ಅದರೊಳಗಿನ ಗಂಧಕ ಗಾಳಿ-ನೀರಿಗೆ ತೆರೆದುಕೊಂಡು, ಕೆಳಗಿನ ತೊರೆಯ ಮೀನುಗಳು ಸತ್ತವು.)

ಹಾಗಾದರೆ ನಮ್ಮ ನಲ್ಲಿ ನೀರು? ಗಾಬರಿ ಬೇಡ. ಪೇನ್ ರನ್ ನೀರು ಶೆನಂಡೋವಾ ನದಿ ಸೇರಿ, ಅಲ್ಲಿಂದ ಪೊಟೋಮ್ಯಾಕ್‌ಗೆ ಬರುತ್ತದೆ. ದಾರಿಯ ಕಣಿವೆಯೆಲ್ಲ ಸುಣ್ಣಕಲ್ಲು, ಹುಳಿ ಅಲ್ಲೇ ಅಡಗುತ್ತದೆ. ಬೆಟ್ಟದ ಮೇಲಿನ ಜೀವಿಗಳಿಗೆ ಮಾತ್ರ ಅಂಥ ಅನುಕೂಲವಿಲ್ಲ. ಹೊಗೆಯ ಹಿಂದಿನ ವಿದ್ಯುತ್ತನ್ನು ಬಳಸಿದವರು ನಾವು, ಹುಳಿ ಉಂಡವು ಮೀನುಗಳು ಎಂಬುದು ನನಗಂತೂ ಸರಿಯೆನಿಸುವುದಿಲ್ಲ.

1990ರ ವಾಯು ಕಾಯಿದೆಯ ತಿದ್ದುಪಡಿ, 2002ರ ನಾರ್ತ್ ಕೆರೊಲೈನಾ ಕಾನೂನು, ಆಮೇಲೆ ಕಲ್ಲಿದ್ದಲಿನ ಬಳಕೆಯೇ ತಗ್ಗಿದ್ದು ಎಲ್ಲ ಸೇರಿ ಮಳೆಯಲ್ಲಿನ ಗಂಧಕ ಬಹಳ ಇಳಿಯಿತು. ನ್ಯೂ ಇಂಗ್ಲೆಂಡಿನ ತೊರೆಗಳು ಬೇಗ ಚೇತರಿಸಿಕೊಂಡವು, ನಮ್ಮ ಕಡೆಯವು ಹಿಂದೆ ಬಿದ್ದವು. ಕಾರಣ ಮಣ್ಣು. ಉತ್ತರದ ಮಣ್ಣನ್ನು ಹಿಮನದಿಗಳು ಕೆರೆದುಹಾಕಿದ್ದವು. ಇಲ್ಲಿಯದು ಹಳೆಯ, ಆಳವಾದ ಜೇಡಿಮಣ್ಣು. ಅದು ದಶಕಗಳ ಕಾಲ ಗಂಧಕವನ್ನು ಸಲ್ಫೇಟ್ ರೂಪದಲ್ಲಿ ಹಿಡಿದಿಟ್ಟುಕೊಂಡು ತೊರೆಯನ್ನು ಕಾಪಾಡಿತು, ಮಳೆ ಶುದ್ಧವಾದ ಮೇಲೆ ಅದನ್ನೇ ಸ್ವಲ್ಪ ಸ್ವಲ್ಪವಾಗಿ ಬಿಡತೊಡಗಿತು. ಕೊಚ್ಚಿಹೋದ ಕ್ಯಾಲ್ಸಿಯಂ ಕಲ್ಲು ಸವೆದೇ ಮತ್ತೆ ತುಂಬಬೇಕು. ವರ್ಜೀನಿಯಾದ ಸೇಂಟ್ ಮೇರೀಸ್ ನದಿಗೆ 1999ರಲ್ಲಿ ಹೆಲಿಕಾಪ್ಟರಿನಿಂದ ಸುಣ್ಣಕಲ್ಲಿನ ಮರಳು ಸುರಿದರು, ಸುಮಾರು 140 ಟನ್. ಮೀನು, ಹುಳುಗಳು ಮರಳಿದವು. ಮರಳು ಕರಗಿದ ಮೇಲೆ ಮತ್ತೆ ಸುರಿಯಬೇಕಾಯಿತು.

ಮುಂದಿನ ಸಲ ಹೋದಾಗ ನೀರಿನಲ್ಲಿರುವ ಒಂದು ಚಪ್ಪಟೆ ಕಲ್ಲನ್ನು ಮೆಲ್ಲಗೆ ಮಗುಚಿ ನೋಡಿ. ಹೆಚ್ಚಾಗಿ ಮೂರೆಳೆ ಬಾಲವಿರುವ ಸಣ್ಣ ಹುಳುಗಳು, ಅಂದರೆ ಮೇಫ್ಲೈ ಮರಿಗಳು, ಧಾರಾಳವಾಗಿ ಹರಿದಾಡುತ್ತಿದ್ದರೆ ಆ ತೊರೆಗೆ ಹುಳಿ ಅಷ್ಟಾಗಿ ತಟ್ಟಿಲ್ಲವೆಂದು ತಿಳಿಯಬಹುದು. ಹುಳಿನೀರಿನಲ್ಲಿ ಅವು ಬಾಳುವುದು ಕಷ್ಟ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಟ್ಟುಬಿಡಿ.