ಶರಾವತಿಯ ಕಡಲ ಬಾಗಿಲು – ಹೊನ್ನಾವರ

ಜೋಗದ ಜಲಪಾತವನ್ನು ಕಂಡು ಹಿಂದಿರುಗುವ ಸದ್ಭಕ್ತರ ಕುಟುಂಬಗಳು ಬಹಳಷ್ಟಿವೆ. ಆ ನೀರು ಮುಂದೆ ಎಲ್ಲಿಗೆ ಸಾಗುತ್ತದೆಂದು ವಿಚಾರಿಸುವವರು ವಿರಳ. ಘಟ್ಟದ ಮೇಲಣ ನಾಡಿಗೂ ಕಡಲ ತಡಿಗೂ ಇರುವ ನಂಟನ್ನು ಅರಿಯಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರವನ್ನು ನೋಡಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಉದಿಸುವ ಶರಾವತಿಯು ವಾಯವ್ಯಾಭಿಮುಖವಾಗಿ ಹರಿದು, ಜೋಗದಲ್ಲಿ 253 ಮೀಟರು ಆಳಕ್ಕೆ ಧುಮುಕಿ, ಪಶ್ಚಿಮಕ್ಕೆ ತಿರುಗಿ, ಸುಮಾರು 128 ಕಿಲೋಮೀಟರುಗಳ ಪಯಣವನ್ನು ಮುಗಿಸಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇಲ್ಲಿ ಸಹ್ಯಾದ್ರಿಯು ಕಡಲಿಗೆ ಬಲು ಸಮೀಪವಾಗಿದೆ. ನೈಋತ್ಯ ಮಾರುತವು ಹೊತ್ತು ತಂದ ತೇವವು ಘಟ್ಟದ ಗೋಡೆಗೆ ತಡೆದು ಮೇಲೇರಿ, ತಣಿದು, ಮಳೆಯಾಗಿ ಸುರಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾದ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಯುಗಯುಗಗಳ ಮಳೆ ಬಿಸಿಲುಗಳಿಗೆ ಶಿಲೆಯು ಸವೆದು ಜಂಬಿಟ್ಟಿಗೆಯಾಗಿದೆ. ಮನೆಯ ಗೋಡೆಗೂ ಕೋಟೆಯ ಕೊತ್ತಲಕ್ಕೂ ಅದೇ ಕಲ್ಲು. ಕಣಿವೆಗಳಲ್ಲಿ ಅಡಕೆ, ಕರಿಮೆಣಸು, ತೀರದಲ್ಲಿ ತೆಂಗು.

ಈ ಭೂರಚನೆಯೇ ಇಲ್ಲಿನ ಚರಿತ್ರೆಯನ್ನು ರೂಪಿಸಿತು. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯೇರಿ ಹೊನ್ನಾವರದ ಬಂದರಿಗೆ ಬರುತ್ತಿತ್ತು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತನು, ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಆಕೆಯ ತರುವಾಯ ಈ ನಾಡು ವೀರಶೈವ ಮತಾವಲಂಬಿಗಳಾದ ಕೆಳದಿಯ ಅರಸರಿಗೆ ಸೇರಿತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯು ಹೊನ್ನಾವರದಿಂದ ಗೇರುಸೊಪ್ಪೆಗೆ ಸಾಗಿ, ಘಟ್ಟವನ್ನು ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡನು. 1650ರ ದಶಕದಲ್ಲಿ ಶಿವಪ್ಪ ನಾಯಕನು ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರಿಂದ ಗೆದ್ದುಕೊಂಡನು. ತೀರದಾಚೆಯ ಬಸವರಾಜದುರ್ಗವೆಂಬ ದ್ವೀಪದ ಹೆಸರಿನಲ್ಲಿ ಕೆಳದಿಯ ನೆನಪು ಇಂದಿಗೂ ಉಳಿದಿದೆ.

ಇಷ್ಟು ಹಳೆಯ ಕಥೆಯಾಯಿತು. ಇಂದಿನ ಕಥೆ ನಮ್ಮ ಮನೆಗಳಿಗೇ ಸಂಬಂಧಿಸಿದುದು. ಅಳಿವೆಯೆಂದರೆ ಸಿಹಿನೀರೂ ಉಪ್ಪುನೀರೂ ಕೂಡುವ ತಾಣ. ಮಳೆಗಾಲದಲ್ಲಿ ನದಿಯ ಮಹಾಪೂರವು ಉಪ್ಪನ್ನು ಹೊರದೂಡುವುದು; ಬೇಸಗೆಯಲ್ಲಿ ನದಿ ಸೊರಗಿದಾಗ ಭರತದ ನೀರು ಒಳನುಗ್ಗುವುದು. ಈ ಏರಿಳಿತಕ್ಕೆ ಹೊಂದಿಕೊಂಡೇ ಕಾಂಡ್ಲಾ ಗಿಡಗಳೂ ಮೀನುಗಳೂ ಚಿಪ್ಪುಜೀವಿಗಳೂ ಬದುಕುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ, ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಕೆಳಗಿಳಿಯತೊಡಗಿತು. ಬೇಸಗೆಯಲ್ಲಿಯೂ ಅಳಿವೆಯ ಉಪ್ಪು ತಗ್ಗಿತು. ಚಿಪ್ಪಿನ ಸಂಪತ್ತು ಕುಗ್ಗಿತು. ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯ ಅಳಿವೆಯಾದರೋ ಚಿಪ್ಪಿಗೆ ಹೆಸರಾಗಿಯೇ ಇದೆ. ಎರಡನ್ನೂ ಹೋಲಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರತಜ್ಞರು ಈ ಅಂತರವನ್ನು ಗುರುತಿಸಿದ್ದಾರೆ.

ವಿದ್ಯುತ್ತು ಬೇಡವೆನ್ನಲು ಯಾರಿಗೂ ಸಾಧ್ಯವಿಲ್ಲ. ನಾಡಿನ ಗಿರಣಿ, ಆಸ್ಪತ್ರೆ, ಶಾಲೆಗಳಿಗೆ ಶರಾವತಿಯು ಬೆಳಕಿತ್ತಿದ್ದಾಳೆ. ಆದರೆ ಆ ಬೆಳಕಿನ ಬೆಲೆಯನ್ನು ಮುಳುಗಡೆಯಾದ ಹಳ್ಳಿಗಳವರೂ, ಅಳಿವೆಯಲ್ಲಿ ಚಿಪ್ಪು ಹೆಕ್ಕಿ ಬಾಳುತ್ತಿದ್ದವರೂ ತೆತ್ತಿದ್ದಾರೆ. ಅವರದೂ ಕಾಯಕವೇ. ಗೇರುಸೊಪ್ಪೆ ಮತ್ತು ತಲಕಳಲೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಭೂಗತ ವಿದ್ಯುತ್ ಯೋಜನೆಯ ವಿಚಾರ ಬಂದಾಗಲೂ ಕಾಡಿನ, ಕಣಿವೆಯ ಗತಿಯೇನೆಂಬ ಪ್ರಶ್ನೆ ಎದ್ದಿತು. ಲಾಭವನ್ನು ಒಬ್ಬರು, ನಷ್ಟವನ್ನು ಇನ್ನೊಬ್ಬರು ಹೊರುವುದು ದಾಸೋಹ ತತ್ತ್ವಕ್ಕೆ ಸಲ್ಲದು. ಯಾವ ಯೋಜನೆಯೇ ಆಗಲಿ, ನದಿಯ ತುದಿಯಲ್ಲಿ ಬಾಳುವವರನ್ನು ಮೊದಲು ಕೇಳುವುದು ಧರ್ಮ.

ಆದುದರಿಂದ ಮುಂದಿನ ಸಲ ಜೋಗಕ್ಕೆ ಹೋದವರು ಅಲ್ಲಿಂದಲೇ ಮರಳದೆ ಘಟ್ಟವಿಳಿದು ಹೊನ್ನಾವರದವರೆಗೂ ಹೋಗಿಬರಬೇಕು. ಕಾಸರಕೋಡಿನ ಕಾಂಡ್ಲಾ ವನವನ್ನು ಮಕ್ಕಳಿಗೆ ತೋರಿಸಬೇಕು. ಮನೆಯಲ್ಲಿ ಅನಗತ್ಯವಾಗಿ ಉರಿಯುವ ಒಂದು ದೀಪವನ್ನು ಆರಿಸುವುದೂ ಆ ನದಿಗೆ ಸಲ್ಲಿಸುವ ಸೇವೆಯೇ ಎಂಬುದನ್ನು ಅವರಿಗೆ ಅಲ್ಲಿಯೇ ತಿಳಿಸಿಕೊಡಬಹುದು.